ಅರಗು ತುಂಬಿದ ಹಳೆ ಒಡವೆ: ತೂಕ ಹೇಗೆ ಬರೆಯೋದು, ಟಚ್ ಹೇಗೆ ನೋಡೋದು, ಕಾಗದ ಏನೇನು ಇರಬೇಕು?

ನಗರ್ತಪೇಟೆ ತಕ್ಕಡಿ

ದರ ಏರಿದಾಗಲೆಲ್ಲ ಅಜ್ಜಿಯರ ಪೆಟ್ಟಿಗೆಗಳು ಅಂಗಡಿಗೆ ಬರುತ್ತವೆ. ಈಗಲೂ ಹಾಗೇ. ಬೆಂಗಳೂರಿನ ಪೇಟೆ, ಮೈಸೂರಿನ ಅಶೋಕ ರಸ್ತೆ, ಹುಬ್ಬಳ್ಳಿ, ಮಂಗಳೂರು, ಎಲ್ಲ ಕಡೆಯ ವ್ಯಾಪಾರಸ್ಥರು ಹೇಳುವುದು ಒಂದೇ: ಕೆಂಪಿನ ಅಡ್ಡಿಕೆ (ಕೆಂಪು ಹರಳಿನ ಕೊರಳ ಒಡವೆ), ಗುಂಡಿನ ಸರ, ಡಾಬು, ವಂಕಿ, ಜಡೆಬಿಲ್ಲೆ ಬರುತ್ತಿವೆ, ಬಂದ ಸಂಜೆಯೇ ಮೂಸೆಗೆ ಹೋಗುತ್ತಿವೆ. ಲೆಕ್ಕವೂ ಒಂದೇ ರೂಢಿಯದು. ಒಟ್ಟು ತೂಕದಲ್ಲಿ ನೂರಕ್ಕೆ ಮೂವತ್ತು ಕಳೆ, ಉಳಿದದ್ದಕ್ಕೆ ದರ ಕಟ್ಟು.

ಒಂದು ಮಾದರಿ ಇಟ್ಟುಕೊಂಡು ಮಾತಾಡೋಣ. ಕೆಂಪಿನ ಅಡ್ಡಿಕೆ, ಒಟ್ಟು 38.400 ಗ್ರಾಂ. 4 ಮಿಲಿಮೀಟರ್ ಗಾತ್ರದ 60 ಕೆಂಪು. ಒಂದಕ್ಕೆ ಸುಮಾರು 0.35 ಕ್ಯಾರೆಟ್ ಹಿಡಿದರೆ 21 ಕ್ಯಾರೆಟ್, ಅಂದರೆ 4.2 ಗ್ರಾಂ. ಹರಳಿನ ಕೆಳಗಿನ ಅರಗು 6 ಗ್ರಾಂ. ಉಳಿಯುವ ಲೋಹ 28.2 ಗ್ರಾಂ. ಟಚ್, ಅಂದರೆ ನೂರರಲ್ಲಿ ಶುದ್ಧ ಚಿನ್ನದ ಪಾಲು, 84 ಬಂದರೆ ಶುದ್ಧ ಚಿನ್ನ 23.69 ಗ್ರಾಂ. ಮೂವತ್ತರ ಕಡಿತ ಹಾಕಿದರೆ 22.58 ಆಗುತ್ತದೆ, ಗಿರಾಕಿಗೆ ಒಂದು ಗ್ರಾಂಗೂ ಮಿಕ್ಕಿ ನಷ್ಟ. ಅದೇ, ಹಳೆಯದು ಎಂದರೆ 22 ಕ್ಯಾರೆಟ್ಟೇ (91.6 ಟಚ್) ಇರುತ್ತದೆ ಎಂದು ಒಟ್ಟು ತೂಕಕ್ಕೆ ಲೆಕ್ಕ ಕಟ್ಟಿದರೆ 35.2 ಗ್ರಾಂ, ಅಂಗಡಿಗೆ ಹನ್ನೊಂದೂವರೆ ಗ್ರಾಂ ಹೊಡೆತ. ಕಣ್ಣಂದಾಜು ಎರಡೂ ಕಡೆ ಕೊಯ್ಯುತ್ತದೆ.

ಮೇಲಿನ ಲೆಕ್ಕದಲ್ಲಿ ಊಹೆಗಳು ಮೂರು: ಹರಳಿನ ತೂಕ, ಅರಗಿನ ತೂಕ, ಟಚ್. ಒಡವೆ ಮುರಿಯದೆ ಈ ಮೂರನ್ನೂ ಗಟ್ಟಿ ಮಾಡಿಕೊಳ್ಳುವ ದಾರಿ ಯಾವುದು? ಬಲ್ಲವರು ಬರೆಯಿರಿ.

ಒರೆಗಲ್ಲು

ಟಚ್ ವಿಚಾರ ಮೊದಲು ತೆಗೆದುಕೊಳ್ಳುತ್ತೇನೆ, ಹೆಚ್ಚು ಮೋಸ ಹೋಗುವುದು ಅಲ್ಲೇ.

ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್‌ರೇ ಹಾಯಿಸಿ ಟಚ್ ಅಳೆಯುವುದು) ಕಾಣುವುದು ಮೇಲಿನ ಕೆಲವು ಮೈಕ್ರಾನ್ ಮಾತ್ರ. ಹಳೆ ಒಡವೆಗೆ ಬಣ್ಣ ಏರಿಸುವ ಪದ್ಧತಿ ಇತ್ತು. ಉಪ್ಪು, ಪಟಕ, ಪೆಟ್ಲುಪ್ಪು ಕೂಡಿಸಿ ಕುದಿಸಿದರೆ ಮೇಲ್ಮೈಯ ತಾಮ್ರ, ಬೆಳ್ಳಿ ಕರಗಿ ಹೋಗಿ ಚಿನ್ನ ಮಾತ್ರ ಉಳಿಯುತ್ತದೆ. ಆ ಹಳದಿಗೆಂಪು ಮೆರುಗಿನ ಮೇಲೆ ಯಂತ್ರ ಹಿಡಿದರೆ 92 ತೋರಿಸುತ್ತದೆ, ಒಳಗೆ 84 ಇರುತ್ತದೆ. ಯಂತ್ರದ್ದು ತಪ್ಪಲ್ಲ, ತೋರಿಸಿದ ಜಾಗ ತಪ್ಪು.

ಮಾಡಬೇಕಾದ್ದು: ಕಾಣದ ಮೂರು ಜಾಗ ಆರಿಸಿ. ಹಿಂಬದಿಯ ತಗಡು, ಕೊಕ್ಕೆ, ಅಂಚಿನ ಕಟ್ಟು. ಸಣ್ಣ ಅರದಿಂದ ಅಲ್ಲಿ ಎರಡು ಮೂರು ಬಾರಿ ತೀಡಿ, ಒಳಲೋಹ ಕಂಡ ಮೇಲೆ ಕಲ್ಲಿಗೆ ಉಜ್ಜಿ. ಗೆರೆ ಎರಡು ಸೆಂಟಿಮೀಟರ್ ಉದ್ದ, ಒಂದೇ ಒತ್ತಡ, ಪಕ್ಕದಲ್ಲೇ 80, 84, 88, 91.6ರ ಮಾದರಿ ಕಡ್ಡಿಗಳ ಗೆರೆ. ಮೊದಲು ಬರಿಯ ನೈಟ್ರಿಕ್ ಆಮ್ಲ. ಹಿತ್ತಾಳೆ, ತಾಮ್ರದ ಗೆರೆ ಹಸಿರು ನೊರೆ ಎದ್ದು ಅಳಿಸಿಹೋಗುತ್ತದೆ. 18 ಕ್ಯಾರೆಟ್‌ನಿಂದ ಮೇಲಿನ ಗೆರೆ ಬರಿಯ ನೈಟ್ರಿಕ್‌ಗೆ ಅಲ್ಲಾಡುವುದಿಲ್ಲ. ಆದ್ದರಿಂದ 20 ಮತ್ತು 22ರ ನಡುವೆ ತೀರ್ಮಾನಿಸಲು ಸ್ವಲ್ಪ ಹೈಡ್ರೋಕ್ಲೋರಿಕ್ ಬೆರೆತ ಆಮ್ಲವೇ ಬೇಕು. ಬರಿಯ ನೈಟ್ರಿಕ್ ಹಾಕಿ "ಗೆರೆ ನಿಂತಿದೆ, ಹಾಗಾದರೆ 916 (22 ಕ್ಯಾರೆಟ್)" ಎನ್ನುವುದು ನಮ್ಮ ಪೇಟೆಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು.

ಮೊತ್ತ ದೊಡ್ಡದಿದ್ದರೆ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಬೆಂಕಿ ಪರೀಕ್ಷೆಗೆ ಕೊಡಿ. ಅಲ್ಲಿ ಕೆರೆದ ಚೂರನ್ನು ಬೆಳ್ಳಿಯ ಜೊತೆ ಸೀಸದ ಹಾಳೆಯಲ್ಲಿ ಸುತ್ತಿ ಕುಲುಮೆಗಿಡುತ್ತಾರೆ. ಕೀಳು ಲೋಹಗಳನ್ನು ಸೀಸ ಎಳೆದುಕೊಂಡು ಹೋಗುತ್ತದೆ, ಬೆಳ್ಳಿಯನ್ನು ನೈಟ್ರಿಕ್‌ನಲ್ಲಿ ಕರಗಿಸಿ, ಉಳಿದ ಚಿನ್ನ ತೂಗುತ್ತಾರೆ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರೆ ಇಲ್ಲ.

ಪತ್ತಾರ್ ಓಣಿ, ಹುಬ್ಬಳ್ಳಿ

ಒರೆಗಲ್ಲು ಅವರು ಹೇಳಿದ್ದು ಖರೆ ಐತ್ರಿ. ಒಂದು ಸೇರಿಸ್ತೀನಿ, ಬೆಸುಗಿ ಲೆಕ್ಕ ಬಿಡಬ್ಯಾಡ್ರಿ.

ಕೆಡಿಎಂ (ಕ್ಯಾಡ್ಮಿಯಂ ಬೆಸುಗಿ) ಬರೂಕಿಂತ ಮೊದಲಿನ ಒಡವಿಗೆ ಬೆಸುಗಿ ಅಂದ್ರ ತಾಮ್ರ, ಬೆಳ್ಳಿ ಕೂಡಿಸಿದ ಕಡಿಮಿ ಟಚ್ಚಿನ ಚಿನ್ನ. ಕೊಂಡಿ ಕೊಂಡಿ ಕೂಡಿಸಿದ ಸರದಾಗ ತೂಕದ ಹತ್ತನೇ ಒಂದು ಪಾಲು ಬೆಸುಗಿ ಇರಬಹುದು. ಕೊಂಡಿ 91.6, ಬೆಸುಗಿ 60 ಅಂತ ಹಿಡೀರಿ. ಕರಗಿಸಿದ ಮ್ಯಾಲೆ ಗಟ್ಟಿ 88.4ಕ್ಕ ನಿಲ್ಲತೈತಿ. ಕೊಂಡಿ ಅಷ್ಟೇ ಒರೆ ಹಚ್ಚಿ ರೊಕ್ಕ ಕೊಟ್ಟ್ರ ಮೂರು ಟಚ್ ಕೈಬಿಟ್ಟಂಗ. ಅದಕ್ಕ ಒಂದು ಒರೆ ಕೊಂಡಿಗೆ, ಒಂದು ಬೆಸುಗಿ ಜಾಗಕ್ಕ.

ಕೆಡಿಎಂ ಮಾಲು ಬ್ಯಾರೆ ತರಾ. ಅದರಾಗ ಬೆಸುಗಿ 92 ಪಾಲು ಚಿನ್ನ, 8 ಪಾಲು ಕ್ಯಾಡ್ಮಿಯಂ. ಟಚ್ ಇಳಿಯೂದಿಲ್ಲ. ಆದ್ರ ಕ್ಯಾಡ್ಮಿಯಂ 767 ಡಿಗ್ರಿಗೇ ಕುದ್ದು ಹೊಗಿ ಆಕ್ಕೈತಿ, ಚಿನ್ನ ಕರಗೂದು ಸಾವಿರ ದಾಟಿದ ಮ್ಯಾಲೆ. ಅಂದ್ರ ಮೂಸಿ ಬಾಯಾಗ ಮುಖ ಇಟ್ಟು ಕುಂತ ಹುಡುಗನ ಪುಪ್ಪುಸಕ್ಕ ಆ ಹೊಗಿ ಹೋಗೇ ಹೋಗತೈತಿ. ಎಳೆಗಾಳಿ ಫ್ಯಾನ್ ಇಲ್ಲದ ಖೋಲ್ಯಾಗ ಕೆಡಿಎಂ ಕರಗಸಬ್ಯಾಡ್ರಿ. ಮುಖಕ್ಕ ಅರಿಬಿ ಕಟ್ಟಿದ್ರ ಏನೂ ತಡಿಯೂದಿಲ್ಲ.

ಘಟ್ಟದ ಕೆಳಗೆ

ಅರಗಿನ ತೂಕಕ್ಕೆ ಸುಲಭ ದಾರಿ ಇದೆಯಲ್ಲ? ನೀರಿನಲ್ಲಿ ತೂಗುವುದು. ಗಾಳಿಯಲ್ಲಿನ ತೂಕ, ನೀರಿನಲ್ಲಿ ಮುಳುಗಿಸಿದ ತೂಕ, ವ್ಯತ್ಯಾಸದಿಂದ ಗಾತ್ರ. ಚಿನ್ನದ ಸಾಂದ್ರತೆ ಗೊತ್ತು, ಅರಗಿನದ್ದು ಗೊತ್ತು. ಎರಡು ಸಮೀಕರಣ ಬಿಡಿಸಿದರೆ ಆಯಿತು.

ಮಡಿಕೇರಿ ಕಡೆಯವರು

ಅರಗಿನ ಸಾಂದ್ರತೆ ಗೊತ್ತು ಎಂದಿರಲ್ಲ, ತೊಡಕು ಇರುವುದೇ ಅಲ್ಲಿ. ಕೊಡಗಿನ ಜೋಮಾಲೆಯನ್ನೇ ತೆಗೆದುಕೊಳ್ಳಿ. ತೆಳು ತಗಡಿನ ಪೊಳ್ಳು ಚಿನ್ನದ ಗುಂಡು, ಒಳಗೆ ಅರಗು, ದಾರದಲ್ಲಿ ಪೋಣಿಸಿದ್ದು. ದಾರ ಬಿಚ್ಚಿ ತೂಗಿದಾಗ ಎಲ್ಲ ಗುಂಡುಗಳು ಸೇರಿ 40 ಗ್ರಾಂ, ತಳ್ಳಿದ ನೀರು 9 ಮಿಲಿಲೀಟರ್ ಎಂದಿಟ್ಟುಕೊಳ್ಳಿ. ಅರಗಿನ ಸಾಂದ್ರತೆ 1.2 ಹಿಡಿದರೆ ಲೋಹ 31.3 ಗ್ರಾಂ ಬರುತ್ತದೆ. ಆದರೆ ಬರಿಯ ಅರಗನ್ನು ಯಾರೂ ತುಂಬುತ್ತಿರಲಿಲ್ಲ, ಇಟ್ಟಿಗೆ ಪುಡಿಯೋ ಸಣ್ಣ ಮರಳೋ ಬೆರೆಸುತ್ತಿದ್ದರು. ಆಗ ಸಾಂದ್ರತೆ 1.8ಕ್ಕೆ ಹೋಗಬಹುದು. ಅದೇ ನೀರು, ಅದೇ ತಕ್ಕಡಿ, ಲೋಹ ಮಾತ್ರ 26.5 ಗ್ರಾಂ. ಹೆಚ್ಚುಕಡಿಮೆ ಐದು ಗ್ರಾಂ ಚಿನ್ನ ನಿಮ್ಮ ಊಹೆಯ ಮೇಲೆ ನಿಂತಿದೆ. ಸಾಲದ್ದಕ್ಕೆ ದಾರದ ತೂತಿನಿಂದ ನೀರು ಒಳಗೆ ಇಳಿಯುತ್ತದೆ.

ಜೋಮಾಲೆಗೆ ಸರಿಯಾದ ದಾರಿ ಒಂದು ಗುಂಡನ್ನು ಬಿಡಿಸಿ ನೋಡುವುದು, ಅದೂ ಮಾಲೀಕರ ಬರಹದ ಒಪ್ಪಿಗೆ ಪಡೆದ ಮೇಲೆ. ದಾರದಿಂದ ಇಳಿಸಿ ಎಲ್ಲ ಗುಂಡುಗಳನ್ನೂ ಒಂದೊಂದಾಗಿ ತೂಗಿ ಬರೆದುಕೊಳ್ಳಿ, ಮಿಲಿಗ್ರಾಂ ತಕ್ಕಡಿಯಲ್ಲಿ. ತೂಕದಲ್ಲಿ ನಡುವಿನ ಸಾಲಿಗೆ ಬರುವ ಒಂದನ್ನು ಆರಿಸಿ. ಸ್ಪಿರಿಟ್‌ನಲ್ಲಿ ಮುಳುಗಿಸಿ ಮುಚ್ಚಿಡಿ. ಅರಗು ಸ್ಪಿರಿಟ್‌ಗೆ ಕರಗುತ್ತದೆ, ನೀರಿಗಲ್ಲ. ಒಂದೆರಡು ದಿನ, ನಡುವೆ ಸ್ಪಿರಿಟ್ ಬದಲಿಸುತ್ತ ಇಟ್ಟರೆ ಕಂದು ರಸ ಬಿಡುವುದು ನಿಲ್ಲುತ್ತದೆ. ತೂತಿನಿಂದ ಪುಡಿಯನ್ನು ಸೂಜಿಮೊನೆಯಲ್ಲಿ ಸಡಿಲಿಸಿ ತೊಳೆದು, ಪೂರ್ತಿ ಒಣಗಿಸಿ ತೂಗಿ. 0.820 ಇದ್ದದ್ದು 0.550ಕ್ಕೆ ಬಂದರೆ ಲೋಹದ ಪಾಲು ನೂರಕ್ಕೆ 67. ಅನುಮಾನ ಇದ್ದರೆ ತೀರಾ ಹಗುರದ್ದು ಒಂದು, ತೀರಾ ಭಾರದ್ದು ಒಂದು ಹಾಗೇ ಮಾಡಿ.

ಬೆಂಕಿ ತೋರಿಸಬೇಡಿ. ಒಳಗಿನ ಅರಗು ಉಕ್ಕಿ ತಗಡು ಸೀಳುತ್ತದೆ. ಸೀಳಿದ ಗುಂಡನ್ನು ಮತ್ತೆ ಸರಕ್ಕೆ ಸೇರಿಸಲಾಗದು. ಖಾಲಿಯಾದ ಗುಂಡನ್ನು ಹಾಗೇ ಪೋಣಿಸಿದರೂ ನಗ್ಗುತ್ತದೆ, ಹೊಸ ಅರಗು ತುಂಬಿಯೇ ಪೋಣಿಸಬೇಕು.

ಘಟ್ಟದ ಕೆಳಗೆ

ಒಪ್ಪಿದೆ. 1.8ರ ಲೆಕ್ಕ ನಾನು ಹಾಕಿ ನೋಡಿರಲಿಲ್ಲ. ಹಾಗಾದರೆ ನೀರಿನ ತೂಕ ಅರಗಿಲ್ಲದ ಗಟ್ಟಿ ಒಡವೆಗೆ ಮಾತ್ರ ಎಂದು ಇಟ್ಟುಕೊಳ್ಳೋಣವೇ?

ಒರೆಗಲ್ಲು

ಹೌದು, ಅಲ್ಲಿ ಅದು ಒಳ್ಳೆ ಸಾಧನ. 24.60 ಗ್ರಾಂ ಕಡಗ ನೀರಿನಲ್ಲಿ 23.20 ತೂಗಿದರೆ 1.40 ವ್ಯತ್ಯಾಸ, ಸಾಂದ್ರತೆ 17.57. ಅದು 22 ಕ್ಯಾರೆಟ್ಟಿನ ಸಾಲಿನದು. 18 ಕ್ಯಾರೆಟ್ ಆಗಿದ್ದರೆ 15ರ ಆಸುಪಾಸು ಬರುತ್ತಿತ್ತು. ಗುಳ್ಳೆ ಮಾತ್ರ ಬಿಡಬೇಡಿ. 0.05 ಮಿಲಿಲೀಟರಿನ ಒಂದು ಗಾಳಿಗುಳ್ಳೆ ಕೆತ್ತನೆಯ ಸಂದಿಯಲ್ಲಿ ಕೂತರೆ 17.57 ಇದ್ದದ್ದು 16.97 ಆಗುತ್ತದೆ. ನೀರಿಗೆ ಒಂದು ಹನಿ ಸೋಪಿನ ದ್ರವ, ಮೊದಲು ಕುಂಚದಲ್ಲಿ ಒದ್ದೆ ಮಾಡಿ ಆಮೇಲೆ ಇಳಿಬಿಡಿ. ಇನ್ನೊಂದು ಮಿತಿ: ಟಂಗ್‌ಸ್ಟನ್‌ನ ಸಾಂದ್ರತೆ 19.25, ಶುದ್ಧ ಚಿನ್ನದ್ದು 19.3. ಗಟ್ಟಿ, ಬಿಸ್ಕತ್ತುಗಳಲ್ಲಿ ಅದನ್ನು ಹುದುಗಿಸಿದ್ದರೆ ನೀರಿನ ತೂಕ ಹಿಡಿದುಕೊಡುವುದಿಲ್ಲ.

ಲೂಪು ಹಿಡಿದವರು

ಹರಳಿನ ಬಗ್ಗೆ ಯಾರೂ ಬರೆಯಲಿಲ್ಲ, ಕೆಂಪನ್ನು ಲೆಕ್ಕಕ್ಕೇ ಹಿಡಿಯದೆ ಕಳೆಯುವ ರೂಢಿ ಅಷ್ಟು ಗಟ್ಟಿಯಾಗಿದೆ. ಹಳೆ ಅಡ್ಡಿಕೆಯ ಕೆಂಪು ಬರ್ಮಾದ ಮಾಣಿಕ್ಯವೂ ಇರಬಹುದು. ಅದನ್ನು "ಕಲ್ಲು, ತೂಕ ಕಡಿತ" ಎಂದು ಬರೆದು ಕಿತ್ತು ಡಬ್ಬಿಗೆ ಹಾಕುವುದು ನನ್ನ ಮಟ್ಟಿಗೆ ಅನ್ಯಾಯ.

ಕುಂದಣದಲ್ಲಿ (ಹರಳಿನ ಸುತ್ತ ಚಿನ್ನದ ಹಾಳೆ ಒತ್ತಿ ಕೂರಿಸುವ ಕೆಲಸ) ಹಿಂಬದಿ ಮುಚ್ಚಿರುವುದರಿಂದ ಕೆಳಗಿನಿಂದ ಬೆಳಕು ಬಿಡಲಾಗದು. ಸಣ್ಣ ಟಾರ್ಚನ್ನು ಅಂಚಿನಿಂದ ಓರೆಯಾಗಿ ಹಿಡಿದು 10 ಪಟ್ಟಿನ ಲೂಪಿನಲ್ಲಿ (ಸಣ್ಣ ಭೂತಗನ್ನಡಿ) ನೋಡಿ. ಒಳಗೆ ಗ್ರಾಮಫೋನ್ ತಟ್ಟೆಯ ಹಾಗೆ ಬಾಗಿದ ಗೆರೆ ಕಂಡರೆ ಅದು ಉರಿಯಲ್ಲಿ ಕರಗಿಸಿ ಬೆಳೆಸಿದ ಕೃತಕ ಮಾಣಿಕ್ಯ. ಆ ವಿಧಾನ ಹೊರಬಂದದ್ದು 1902ರಲ್ಲಿ. ಹಾಗಾಗಿ "ಮುತ್ತಜ್ಜಿಯದು, ಹಾಗಾದರೆ ಅಸಲಿ" ಎಂಬ ಮಾತು ನಿಲ್ಲುವುದಿಲ್ಲ. 1920, 30ರ ಒಡವೆಯಲ್ಲೂ ಕೃತಕ ಕೆಂಪು ಇರಬಹುದು. ಹಾಗೆಂದು ಅದು ಮೋಸದ ಒಡವೆಯೂ ಅಲ್ಲ, ಆ ಕಾಲದ್ದೇ. ನೇರ ಗೆರೆ, ರೇಷ್ಮೆ ಎಳೆಯಂಥ ಸೂಜಿಗಳು ಕಂಡರೆ ಸಹಜ ಮಾಣಿಕ್ಯದ ಲಕ್ಷಣ. ದುಂಡು ಗುಳ್ಳೆಗಳ ಗುಂಪು ಇದ್ದರೆ ಬಹುತೇಕ ಗಾಜು.

ಯುವಿ ದೀಪ ಮಾಣಿಕ್ಯವನ್ನು ಗಾರ್ನೆಟ್‌ನಿಂದ ಬೇರೆ ಮಾಡುತ್ತದೆ. ಬರ್ಮಾ ಕೆಂಪು ಕೆಂಡದಂತೆ ಬೆಳಗುತ್ತದೆ, ಗಾರ್ನೆಟ್ ಸತ್ತಂತಿರುತ್ತದೆ. ಆದರೆ ಕೃತಕ ಮಾಣಿಕ್ಯವೂ ಬೆಳಗುತ್ತದೆ. ಯುವಿ ಒಂದನ್ನೇ ನಂಬಿ ಅಸಲಿ ಎಂದು ಬರೆದುಕೊಡಬೇಡಿ.

ಹರಳು ಇದ್ದಂತೆಯೇ ಒಡವೆಗೆ ಬೆಸುಗೆ ಹಾಕುವವರಿಗೆ: ಬಿಳಿಗಾರ ಬಿಸಿಯಲ್ಲಿ ಮಾಣಿಕ್ಯದ ಮೇಲ್ಮೈಯನ್ನು ತಿನ್ನುತ್ತದೆ, ಹೊಳಪು ಹೋಗಿ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಪಚ್ಚೆ ಸೀಳುತ್ತದೆ. ವಜ್ರ ಗಾಳಿಯಲ್ಲಿ ಕೆಂಪಗೆ ಕಾದರೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅಲ್ಟ್ರಾಸಾನಿಕ್ ತೊಟ್ಟಿಗೆ ಕುಂದಣದ ಒಡವೆ ಹಾಕಲೇಬಾರದು. ನೀರು ಹಿಂದಿನ ಬಣ್ಣದ ಹಾಳೆಗೆ ತಗುಲಿದರೆ ಒಂದೇ ವಾರದಲ್ಲಿ ಹರಳು ಕಪ್ಪಾಗಿ ಕಾಣುತ್ತದೆ. ಒಣ ಮೃದು ಕುಂಚ, ಅಷ್ಟೇ.

ಅಶೋಕ ರಸ್ತೆ

ಇವನ್ನು ಕರಗಿಸದೆ ಹಾಗೇ ಮಾರಬೇಕು ಅಂದರೆ ಹಾಲ್‌ಮಾರ್ಕ್ ಬೇಡವೇ ಸರ್? 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ (ಒಡವೆಗೊಂದು ಗುರುತು ಸಂಖ್ಯೆ) ಇಲ್ಲದ ಒಡವೆ ಮಾರುವಂತಿಲ್ಲವಲ್ಲ.

ಹಳೇ ಕಾಗದ

ಬಿಡಿಸಿ ಹೇಳುತ್ತೇನೆ. ಮನೆಯವರು ತಮ್ಮ ಹಳೆ ಒಡವೆಯನ್ನು ಅಂಗಡಿಗೆ ಮಾರಲು ಹಾಲ್‌ಮಾರ್ಕ್ ಬೇಕಿಲ್ಲ, ನೀವು ಕೊಳ್ಳಲೂ ಅಡ್ಡಿಯಿಲ್ಲ. ನಿಯಮ ಇರುವುದು ಅಂಗಡಿಯವರು ಮಾರುವಾಗ. ಅದರಲ್ಲೂ ಕುಂದಣ, ಪೋಲ್ಕಿ, ಜಡಾವು ಒಡವೆಗೆ ವಿನಾಯಿತಿ ಇದೆ, 2 ಗ್ರಾಂಗಿಂತ ಕಡಿಮೆ ತೂಕದ್ದಕ್ಕೂ ಇದೆ. ಹಾಗಾಗಿ ಹರಳಿನ ಸುತ್ತ ಅಪ್ಪಟ ಚಿನ್ನದ ಹಾಳೆ ಒತ್ತಿ ಕೂರಿಸಿದ ನಿಜವಾದ ಕುಂದಣದ ಅಡ್ಡಿಕೆ ವಿನಾಯಿತಿಯ ಒಳಗೆ ಬರುತ್ತದೆ. ಮುಳ್ಳಿನ ಹಿಡಿತದಲ್ಲಿ ಕೂರಿಸಿದ ಹರಳಿನ ಸರವನ್ನು ಕುಂದಣ ಎಂದು ಬಿಲ್ಲಿನಲ್ಲಿ ಬರೆದು ತಪ್ಪಿಸಿಕೊಳ್ಳಲು ನೋಡಬೇಡಿ. ಹರಳಿಲ್ಲದ ಕಾಸಿನ ಸರ, ಮೋಹನಮಾಲೆಗೆ ಹಾಲ್‌ಮಾರ್ಕ್ ಆಗಲೇಬೇಕು. ಬೆಸುಗೆಯಿಂದ ಟಚ್ ಇಳಿದಿದ್ದರೆ 916ಕ್ಕೆ ಕೊಟ್ಟದ್ದು ತಿರಸ್ಕೃತವಾಗಿ ವಾಪಸು ಬರುತ್ತದೆ. ಒರೆ ನೋಡಿಕೊಂಡು 20 ಅಥವಾ 18 ಕ್ಯಾರೆಟ್ ದರ್ಜೆಗೇ ಕೊಡಿ, ಅವೂ ಅಂಗೀಕೃತ ದರ್ಜೆಗಳೇ.

ತೆರಿಗೆ. ನೋಂದಣಿಯಿಲ್ಲದ ಮನೆಯವರಿಂದ ಕೊಂಡ ಹಳೆ ಒಡವೆಯನ್ನು ರೂಪ ಬದಲಿಸದೆ, ಶುಚಿ ಮಾಡಿ ಮೆರುಗು ಕೊಟ್ಟು ಮಾರಿದರೆ ಜಿಎಸ್‌ಟಿ ಲಾಭದ ಅಂತರದ ಮೇಲೆ ಮಾತ್ರ. ಸಿಜಿಎಸ್‌ಟಿ ನಿಯಮ 32(5). ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2021ರಲ್ಲಿ ಹಳೆ ಚಿನ್ನದ ಒಡವೆಗೆ ಇದು ಅನ್ವಯಿಸುತ್ತದೆ ಎಂದಿದೆ. ಕರಗಿಸಿದಿರೋ, ಪೂರ್ತಿ ಮೌಲ್ಯಕ್ಕೆ ಶೇ 3. ಒಡವೆ ಉಳಿಸಿಕೊಂಡರೆ ವ್ಯಾಪಾರಸ್ಥನಿಗೂ ಲಾಭವಿದೆ ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ. ಇದಕ್ಕೆ ಒಡವೆವಾರು ಕೊಂಡ ಬೆಲೆಯ ಚೀಟಿ, ಫೋಟೊ ಇರಬೇಕು. ಒಟ್ಟಾಗಿ "ಹಳೆ ಚಿನ್ನ 240 ಗ್ರಾಂ" ಎಂದು ಬರೆದಿಟ್ಟರೆ ಅಂತರದ ಲೆಕ್ಕ ತೋರಿಸಲು ಆಗುವುದಿಲ್ಲ.

ಹಣ ಬ್ಯಾಂಕಿನ ಮೂಲಕವೇ ಕೊಡಿ. ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿ ದಾಟಿ ನಗದು ಕೊಟ್ಟರೆ ಆ ಖರ್ಚು ನಿಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ನಿಲ್ಲುವುದಿಲ್ಲ. 2 ಲಕ್ಷ ಮತ್ತು ಮೇಲೆ ನಗದು ಪಡೆದರೆ ದಂಡ ಪಡೆದವರಿಗೆ, ಅಂದರೆ ಒಡವೆ ಮಾರಿದ ಆ ತಾಯಿಗೆ. ಅವರಿಗೆ ಇದನ್ನು ಹೇಳುವ ಹೊಣೆ ನಮ್ಮದು.

ಕಳವು ಮಾಲಿನ ವಿಚಾರ ಇನ್ನೂ ಮುಖ್ಯ. ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್‌ನಲ್ಲಿ ಕೇಳುವುದು ಕಳವು ಮಾಲು ಎಂದು ನಿಮಗೆ ಗೊತ್ತಿತ್ತೇ, ಅಥವಾ ಹಾಗೆ ನಂಬಲು ಕಾರಣವಿತ್ತೇ ಎಂದು. ಗುರುತಿನ ಚೀಟಿ, ಒಡವೆ ಹಿಡಿದ ಮಾರಾಟಗಾರರ ಫೋಟೊ, ಒಡವೆ ಹೇಗೆ ಬಂತು ಎಂಬ ಸಹಿ ಮಾಡಿದ ಎರಡು ಸಾಲು, ಬ್ಯಾಂಕ್ ಪಾವತಿ: ಇವಿದ್ದರೆ ಉತ್ತರ ಕೊಡಬಹುದು. ಕೊಂಡ ದಿನವೇ ಕರಗಿಸಿದವರಿಗೆ ಈ ಉತ್ತರ ಕಷ್ಟ.

ಕುವೈತ್ ಕನ್ನಡಿಗ

ಊರಿನಲ್ಲಿ ಪಾಲಾದ ಮೇಲೆ ಅಜ್ಜಿಯ ಡಾಬು, ಒಂದು ಕಂಚಿನ ದೇವರ ವಿಗ್ರಹ ನಮ್ಮ ಪಾಲಿಗೆ ಬಂದರೆ ಇಲ್ಲಿಗೆ ತರಬಹುದೇ?

ಹಳೇ ಕಾಗದ

ಎರಡನ್ನೂ ಬೇರೆ ಬೇರೆ ನೋಡಬೇಕು. ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ 1972ರದ್ದು, ಜಾರಿಯಾದದ್ದು 1976ರ ಏಪ್ರಿಲ್ 5ರಂದು. 100 ವರ್ಷ ತುಂಬಿದ ಕಲೆ ಅಥವಾ ಕುಶಲಕರ್ಮದ ವಸ್ತು ಪುರಾವಸ್ತು. ಈ ಗೆರೆ ವರ್ಷ ವರ್ಷವೂ ಮುಂದೆ ಸರಿಯುತ್ತದೆ, 2026ರಲ್ಲಿ 1926ರ ಒಡವೆ ಅದರೊಳಗೆ ಬಂತು. ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಸ್ವಂತದ್ದಾದರೂ, ಪಾಲಿನದ್ದಾದರೂ ಅಷ್ಟೇ. ಶಿಕ್ಷೆ ಆರು ತಿಂಗಳಿನಿಂದ ಮೂರು ವರ್ಷ, ಜೊತೆಗೆ ದಂಡ.

ವಿಗ್ರಹಕ್ಕೆ ಇನ್ನೊಂದು ಹೊಣೆಯಿದೆ. ನೂರು ವರ್ಷ ದಾಟಿದ ಕಲ್ಲು, ಲೋಹ, ದಂತ, ಮರದ ಶಿಲ್ಪ, ವರ್ಣಚಿತ್ರ, ಚಿತ್ರವಿರುವ ಹಸ್ತಪ್ರತಿ ಇವು ಮನೆಯಲ್ಲೇ ಇದ್ದರೂ ನೋಂದಣಿ ಆಗಬೇಕು, ಕೈ ಬದಲಾದರೆ ನೋಂದಣಾಧಿಕಾರಿಗೆ ತಿಳಿಸಬೇಕು. ಒಡವೆ, ನಾಣ್ಯ ಆ ಕಡ್ಡಾಯ ನೋಂದಣಿಯ ಪಟ್ಟಿಯಲ್ಲಿಲ್ಲ. ಡಾಬು ನೂರು ವರ್ಷದ ಒಳಗಿನದು ಎಂಬ ನಂಬಿಕೆ ಇದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ ತೋರಿಸಿ ಪುರಾವಸ್ತು ಅಲ್ಲವೆಂಬ ಪ್ರಮಾಣಪತ್ರ ಪಡೆಯಿರಿ. ವಿಮಾನ ಹತ್ತುವ ದಿನ ಮಾಡುವ ಕೆಲಸವಲ್ಲ, ತಿಂಗಳುಗಳ ಮೊದಲೇ ಕೊಡಿ.

ವ್ಯಾಪಾರಸ್ಥರಿಗೆ: ನೂರು ದಾಟಿದ ವಸ್ತುಗಳನ್ನು ಪುರಾವಸ್ತು ಎಂದೇ ಮಾರುವ ವ್ಯವಹಾರಕ್ಕೆ ಪರವಾನಗಿ ಬೇಕು. "ನೂರೈವತ್ತು ವರ್ಷದ ಅಪ್ಪಟ ಆ್ಯಂಟಿಕ್" ಎಂದು ಜಾಹೀರಾತು ಹಾಕುವ ಮೊದಲು ಪರವಾನಗಿ ಇದೆಯೇ ನೋಡಿಕೊಳ್ಳಿ. ನೆಲ ಅಗೆದಾಗ ಸಿಕ್ಕಿತು ಎಂದು ತಂದ ಒಡವೆ, ನಾಣ್ಯವನ್ನು ಮುಟ್ಟಲೇಬೇಡಿ. ಅದು 1962ರ ಕರ್ನಾಟಕ ನಿಧಿ ಕಾಯ್ದೆಯ ಕೆಳಗೆ ಬರುತ್ತದೆ, ಸಿಕ್ಕವರು ಸರ್ಕಾರಕ್ಕೆ ತಿಳಿಸಬೇಕು.

ಲೂಪು ಹಿಡಿದವರು

ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನೂ ಇಲ್ಲೇ ಹೇಳಿಬಿಡೋಣ. ಚಿನ್ನದ ಕಟ್ಟಿನ ಹುಲಿಯುಗುರಿನ ಪದಕ, ಆನೆ ಬಾಲದ ಕೂದಲಿನ ಉಂಗುರ, ದಂತದ ಬಳೆ ಇವನ್ನು ಕೊಳ್ಳುವುದೂ ಮಾರುವುದೂ ಅಪರಾಧ, ಎಷ್ಟೇ ಹಳೆಯದಾದರೂ. "ಉಗುರು ನೀವೇ ಇಟ್ಟುಕೊಳ್ಳಿ, ಚಿನ್ನ ಮಾತ್ರ ನಾವು ತೆಗೆದುಕೊಳ್ಳುತ್ತೇವೆ" ಎಂದು ಅಂಗಡಿಯಲ್ಲೇ ಕಟ್ಟು ಬಿಡಿಸುವುದೂ ಬೇಡ. ಮಾಲೀಕರು ಅದನ್ನು ಅರಣ್ಯ ಇಲಾಖೆಯ ಮುಂದೆ ಒಯ್ಯಲಿ. ಮೈಸೂರಿನ ಬೀಟೆಮರದ ಹಳೆ ಪೆಟ್ಟಿಗೆಗಳಲ್ಲಿ ಮರದೊಳಗೆ ಕೂರಿಸಿದ ಬಿಳಿ ತುಂಡುಗಳ ಕೆಲಸದಲ್ಲೂ ದಂತ ಇರುತ್ತದೆ. ಈಗಿನವು ಪ್ಲಾಸ್ಟಿಕ್. ಲೂಪಿನಲ್ಲಿ ಒಂದರೊಳಗೊಂದು ಹಾಯ್ದ ಬಲೆಯಂಥ ಗೆರೆ ಕಂಡರೆ ದಂತ.

ಅಶೋಕ ರಸ್ತೆ

ದೇವಸ್ಥಾನದ ಒಡವೆ ಅಂತ ಬಂದರೆ?

ಪತ್ತಾರ್ ಓಣಿ, ಹುಬ್ಬಳ್ಳಿ

ಹಿಂದ ಹೊಳ್ಳಿಸಿ ನೋಡ್ರಿ. ದಾನಿ ಹೆಸರು, ದೇವರ ಹೆಸರು, ತೂಕ ಕೊರದಿರ್ತಾರ. ಹಂಗೇನರ ಕಂಡ್ರ ಒಳಗ ತಗೋಬ್ಯಾಡ್ರಿ, ಗುಡಿಯವರ ಪತ್ರ ಇಲ್ಲದ ಮಾತೇ ಇಲ್ಲ. ಹೆಸರು ಇದ್ದ ಜಾಗದಾಗ ಅರ ಹಚ್ಚಿ ಅಳಿಸಿದ ಗುರುತು ಇದ್ರಂತೂ ಪೂರಾ ಬಿಟ್ಟುಬಿಡ್ರಿ. ಇನ್ನೊಂದು, ಗುಡಿ ಒಡವಿ ಅಂತ ಮಾರೂದರಾಗ ಭಾಳ ಮಟ್ಟಿಗೆ ಬೆಳ್ಳಿ ಮ್ಯಾಲೆ ಚಿನ್ನದ ನೀರು. ಮೂಲಿ ಸವೆದಲ್ಲಿ ಬೆಳ್ಳಗ ಕಾಣತೈತಿ.

ನಗರ್ತಪೇಟೆ ತಕ್ಕಡಿ

ಎಲ್ಲರ ಮಾತು ಕೂಡಿಸಿ ಚೀಟಿಯ ಮಾದರಿ ಹೀಗೆ ಮಾಡಿದ್ದೇನೆ: ಒಡವೆಯ ಹೆಸರು, ಎರಡೂ ಬದಿಯ ಫೋಟೊ, ಒಟ್ಟು ತೂಕ, ಹರಳಿನ ಎಣಿಕೆ ಮತ್ತು ಅಂದಾಜು ತೂಕ, ಅರಗಿನ ತೂಕ ಮತ್ತು ಅದನ್ನು ಯಾವ ವಿಧಾನದಿಂದ ತಿಳಿದದ್ದು, ಒರೆ ಹಚ್ಚಿದ ಮೂರು ಜಾಗ ಮತ್ತು ಮೂರು ಟಚ್, ಶುದ್ಧ ಚಿನ್ನ, ಆ ದಿನದ ದರ, ಹರಳು ಮಾಲೀಕರಿಗೆ ವಾಪಸೋ ಬೆಲೆ ಕಟ್ಟಿದ್ದೋ. ಎರಡು ಪ್ರತಿ, ಎರಡಕ್ಕೂ ಸಹಿ. ಬಿಟ್ಟುಹೋದದ್ದು ಇದ್ದರೆ ಹೇಳಿ.

ಮಡಿಕೇರಿ ಕಡೆಯವರು

ಪೋಣಿಸಿದ ಸರಗಳಿಗೆ ಒಂದು ಸಾಲು ಸೇರಿಸಿ: ಗುಂಡುಗಳ ಎಣಿಕೆ, ದಾರದ ತೂಕ. ಹಳೆ ದಾರ ಬೆವರು, ಎಣ್ಣೆ ಕುಡಿದು ಎರಡು ಮೂರು ಗ್ರಾಂ ತೂಗುವುದುಂಟು. ಬಿಚ್ಚುವ ಮೊದಲು ಉದ್ದಕ್ಕೆ ಮಲಗಿಸಿ ಫೋಟೊ ತೆಗೆಯಿರಿ. ನಡುವೆ ದೊಡ್ಡ ಗುಂಡು, ಎರಡು ಕಡೆಗೂ ಕ್ರಮವಾಗಿ ಸಣ್ಣದಾಗುತ್ತ ಹೋಗುವ ಜೋಡಣೆ ಇದ್ದರೆ ಅದನ್ನು ಮತ್ತೆ ಹಾಗೇ ಪೋಣಿಸಲು ಆ ಫೋಟೊ ಒಂದೇ ಆಧಾರ. ಹಳೆ ದಾರವನ್ನೂ ಎಸೆಯದೆ ಒಡವೆಯ ಜೊತೆ ಪೊಟ್ಟಣದಲ್ಲಿಡಿ. ಕೊನೆಯ ಗಂಟು ಹಾಕಿದ ರೀತಿ ನೋಡಿಯೇ ಹೊಸದನ್ನು ಕಟ್ಟಬೇಕು.